ಬೆರಳು ಅಲ್ಲಾಡಿಸು ಎಂದವರಿಗೆ

ಕಳೆದ ವಾರ ಎರಡು ಕೆಲಸಗಳು ಮುಗಿದವು. ನನ್ನ ಪಿಎಚ್‌ಡಿ ಪ್ರಬಂಧವನ್ನು ಒಪ್ಪಿಸಿದೆ. ಎಲುಬಿನ ವೈದ್ಯರು ಕೊನೆಯ ಎಕ್ಸ್‌ರೇ ನೋಡಿ ಇನ್ನು ಬರಬೇಕಾಗಿಲ್ಲ ಎಂದರು. ಬಲ ಮಣಿಕಟ್ಟಿನೊಳಗೆ ಕೂತಿರುವ ಟೈಟಾನಿಯಂ ಪಟ್ಟಿ ಅಲ್ಲಿಯೇ ಇರುತ್ತದೆ. ಆಟಿ ತಿಂಗಳ ಮಳೆ, ಪಾಚಿ ಹಿಡಿದ ಮುರಕಲ್ಲಿನ ಮೆಟ್ಟಿಲು, ನಾನು ಬಿದ್ದು ಮಣಿಕಟ್ಟು ಮುರಿದದ್ದು, ಇವೆಲ್ಲ ನಿಮಗೆ ಗೊತ್ತು. ಮೊದಲ ರಾತ್ರಿಯ ವಿಷಯವನ್ನು ಮಾತ್ರ ಯಾರಿಗೂ ಸರಿಯಾಗಿ ಹೇಳಿರಲಿಲ್ಲ.

ಕಾಸರಗೋಡಿನ ಒಂದು ಆಸ್ಪತ್ರೆಯಲ್ಲಿ ಎಲುಬನ್ನು ಎಳೆದು ಕೂರಿಸಿ ಪ್ಲಾಸ್ಟರ್ ಹಾಕಿದ್ದರು. ಬದಿಯಡ್ಕದ ನಮ್ಮ ಮನೆಯ ದಾರಿಗೆ ಮರ ಬಿದ್ದಿತ್ತು, ಅಪ್ಪ ಅಮ್ಮ ಬೆಳಗಿನ ತನಕ ಹೊರಡುವಂತಿರಲಿಲ್ಲ. ಬೈಸ್ಟ್ಯಾಂಡರ್, ಅಂದರೆ ರೋಗಿಯ ಜೊತೆಗಿರುವವರು, ಯಾರು ಎಂದು ನರ್ಸ್ ಕೇಳಿದಾಗ ‘ನಾನು’ ಎಂದವರು ನಮ್ಮ ಲ್ಯಾಬಿನ ಚೇಚಿ. ಚೇಚಿ ಎಂದರೆ ಮಲಯಾಳದಲ್ಲಿ ಅಕ್ಕ. ಗಾಜಿನ ಸಾಮಾನು ತೊಳೆದು, ಹಬೆಯಿಂದ ಕ್ರಿಮಿ ಕೊಲ್ಲುವ ಆಟೋಕ್ಲೇವ್‌ನಲ್ಲಿ ಇಡುವವರು. ಸಂಜೆಯ ಬಸ್ಸು ತಪ್ಪಿದರೆ ಅವರಿಗೆ ಮನೆ ಸೇರಲು ಬೇರೆ ಬಸ್ಸಿಲ್ಲ. ಮೆಟ್ಟಿಲ ಬಳಿ ನನ್ನ ಕೈಯನ್ನು ಅಡಿಕೆಯ ಹಾಳೆಯೊಂದರಲ್ಲಿ ಮಲಗಿಸಿ, ತನ್ನ ಶಾಲಿನಿಂದ ಕಟ್ಟಿ ರಿಕ್ಷಾ ಹತ್ತಿಸಿದವರೂ ಅವರೇ.

ಅರ್ಧ ಗಂಟೆಗೊಮ್ಮೆ ನನ್ನನ್ನು ಎಬ್ಬಿಸುತ್ತಿದ್ದರು. ‘ಮೋಳೇ, ವಿರಲ್ ಅನಕ್ಕ್.’ ಬೆರಳು ಅಲ್ಲಾಡಿಸು. ಅಲ್ಲಾಡಿಸಿದರೆ ಉಗುರು ಒತ್ತಿ ನೋಡಿ, ಬಿಳಿಯಾದದ್ದು ಮತ್ತೆ ಕೆಂಪಾದ ಮೇಲೆ ಕುರ್ಚಿಗೆ ಮರಳುತ್ತಿದ್ದರು.

ಹನ್ನೊಂದರ ಹೊತ್ತಿಗೆ ನಾನು ಅಳುತ್ತಿದ್ದದ್ದು ನೋವಿಗೆ ಮಾತ್ರವಲ್ಲ. ನಾಲ್ಕು ದಿನ ಹಿಂದೆ ಲ್ಯಾಬಿನಲ್ಲಿ ಮೂರನೆಯ ಸಲ ಫ್ಯೂಷನ್, ಅಂದರೆ ಜೀವಕೋಶಗಳ ಬೆಸುಗೆ, ಮಾಡಿ ಪ್ಲೇಟುಗಳಲ್ಲಿ ಬೆಳೆಯಲು ಇಟ್ಟಿದ್ದೆ. ದಿನವೂ ಆ ಪ್ಲೇಟುಗಳ ಪಕ್ಕದಲ್ಲೇ ಓಡಾಡುವ ಚೇಚಿ, ಅದರಲ್ಲಿ ಅಂಥದ್ದೇನಿದೆ ಎಂದು ಅಂದು ಮೊದಲ ಸಲ ಕೇಳಿದರು. ಅರ್ಧ ಕನ್ನಡ ಅರ್ಧ ಮಲಯಾಳದಲ್ಲಿ ಹೇಳಿದೆ. ಇಲಿಯ ಗುಲ್ಮದಲ್ಲಿ (ಸ್ಪ್ಲೀನ್) ಪ್ರತಿಕಾಯ, ಅಂದರೆ ರೋಗಾಣುವನ್ನು ಗುರುತಿಸಿ ಹಿಡಿಯುವ ಪ್ರೋಟೀನ್, ತಯಾರಿಸುವ ಜೀವಕೋಶಗಳಿವೆ, ಹೊರತೆಗೆದರೆ ಕೆಲವೇ ದಿನಗಳಲ್ಲಿ ಸಾಯುತ್ತವೆ. ಕ್ಯಾನ್ಸರ್ ಕೋಶಗಳು ಸಾಯುವುದಿಲ್ಲ, ಆದರೆ ನಮಗೆ ಬೇಕಾದ ಪ್ರತಿಕಾಯವನ್ನು ಅವು ಮಾಡಲಾರವು. ಎರಡನ್ನೂ ಬೆಸೆದರೆ ಸಾಯದೆ ಪ್ರತಿಕಾಯ ಕೊಡುತ್ತಲೇ ಇರುವ ಕೋಶ ಸಿಗುತ್ತದೆ. 1975ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಕೋಲರ್ ಮತ್ತು ಮಿಲ್‌ಸ್ಟೀನ್ ಇದನ್ನು ಮಾಡಿ ತೋರಿಸಿದರು, 1984ರಲ್ಲಿ ಅವರಿಗೆ ನೊಬೆಲ್ ಬಂತು. ಕೋಶಗಳನ್ನು ಬೆಸೆಯುವ ಪಾಲಿಎಥಿಲೀನ್ ಗ್ಲೈಕಾಲನ್ನು ಹನಿ ಹನಿಯಾಗಿ, ಒಂದು ನಿಮಿಷದಷ್ಟು ಹೊತ್ತು, ಕೊಳವೆಯನ್ನು ಮೆಲ್ಲಗೆ ತಿರುಗಿಸುತ್ತ ಬಿಡಬೇಕು. ಆ ಒಂದು ನಿಮಿಷವನ್ನು ಕಲಿಯಲು ನನ್ನ ಬಲಗೈಗೆ ಒಂದೂವರೆ ವರ್ಷ ಹಿಡಿದಿತ್ತು. ಆಮೇಲೆ ಹ್ಯಾಟ್ ಎಂಬ ಮಾಧ್ಯಮದಲ್ಲಿ, ಅಂದರೆ ಪೋಷಕ ದ್ರವದಲ್ಲಿ, ಬೆಳೆಸುತ್ತೇವೆ. ಬೆಸೆಯದೆ ಉಳಿದ ಕ್ಯಾನ್ಸರ್ ಕೋಶಗಳು ಅದರಲ್ಲಿ ಡಿಎನ್‌ಎ ಕಟ್ಟಲಾಗದೆ ಸಾಯುತ್ತವೆ, ಬೆಸೆದವು ಬದುಕುತ್ತವೆ.

ಎಲ್ಲ ಕೇಳಿಸಿಕೊಂಡು ಚೇಚಿ ಅಂದದ್ದು ಇಷ್ಟೇ: ‘ಹಾಗಾದರೆ ನಾಳೆ ಅವಕ್ಕೆ ಊಟ ಹಾಕುವವರು ಯಾರು?’ ನನ್ನ ಮೊಬೈಲ್ ತೆಗೆದು ಆಗಲೇ ನನ್ನ ಜೂನಿಯರ್‌ಗೆ ಕರೆ ಹಚ್ಚಿ ನನ್ನ ಕಿವಿಗೆ ಹಿಡಿದರು.

ಎರಡು ಗಂಟೆಗೆ ಹೆಬ್ಬೆರಳು, ತೋರುಬೆರಳು, ನಡುಬೆರಳು ನನ್ನವು ಎನ್ನಿಸಲಿಲ್ಲ. ಮೊದಲು ಜುಮ್ಮೆಂದವು, ಆಮೇಲೆ ಏನೂ ಇಲ್ಲ. ಚೇಚಿ ಎಬ್ಬಿಸಿದಾಗ ನಾನು ಅವರ ಮೇಲೆ ಕಿರುಚಿದೆ. ಈ ಕೈ ಇನ್ನು ಯಾತಕ್ಕೂ ಬಾರದು, ಮುಟ್ಟಬೇಡಿ, ಎದ್ದು ಹೋಗಿ ಎಂದೆ. ಇನ್ನೂ ಕೆಟ್ಟ ಮಾತು ಆಡಿದೆ, ಅದನ್ನು ಬರೆಯಲು ಕೈ ಏಳುವುದಿಲ್ಲ. ಅವರು ಎದ್ದು ಹೋದರು. ಹೋದದ್ದು ಡ್ಯೂಟಿ ಡಾಕ್ಟರ ಕೋಣೆಗೆ. ಮುರಿದ ಮೇಲೆ ನೋವು ಇದ್ದೇ ಇರುತ್ತದೆ ಎಂದು ಡಾಕ್ಟರು ಹಿಂದೆ ಕಳಿಸಲು ನೋಡಿದರಂತೆ. ಚೇಚಿ ಹಿಂದೆ ಬರಲಿಲ್ಲ, ವೈದ್ಯರು ಏಳುವವರೆಗೆ ಬಾಗಿಲಲ್ಲೇ ನಿಂತರು. ಪ್ಲಾಸ್ಟರನ್ನೂ ಒಳಗಿನ ಹತ್ತಿಯನ್ನೂ ಚರ್ಮ ಕಾಣುವವರೆಗೆ ಸೀಳಿದ ಮೇಲೆ ಬೆರಳುಗಳಿಗೆ ನಿಧಾನವಾಗಿ ಜೀವ ಬಂತು. ಮಣಿಕಟ್ಟಿನ ಊತ ನಡುವಿನ ನರವನ್ನು ಒತ್ತಿಹಿಡಿದಿತ್ತು. ಒತ್ತಡ ಹೀಗೇ ಮುಂದುವರಿದಿದ್ದರೆ ಆ ನರ ಪೂರ್ತಿ ಚೇತರಿಸಿಕೊಳ್ಳದೆಯೂ ಇರಬಹುದಿತ್ತು ಎಂದು ಮರುದಿನ ಮಂಗಳೂರಿನಲ್ಲಿ ಹೇಳಿದರು.

ಬೆರಳಿನ ವಿಷಯ ನಿಮಗೆ ಹೇಗೆ ಗೊತ್ತು ಎಂದು ತಿಂಗಳ ಮೇಲೆ ಕೇಳಿದೆ. ಅವರ ಅಮ್ಮ ಹೀಗೆಯೇ ಕೈಯೂರಿ ಬಿದ್ದಿದ್ದರಂತೆ. ಬಿದಿರ ಸೀಳು ಇಟ್ಟು ಬಿಗಿಯಾಗಿ ಕಟ್ಟಿದ್ದರಂತೆ. ಆ ಕೈ ಆಮೇಲೆ ಮುಷ್ಟಿ ಕಟ್ಟಲೇ ಇಲ್ಲ. ‘ಆಗ ನಾನು ಚಿಕ್ಕವಳು, ಅಮ್ಮ ಅತ್ತರೂ ಯಾರನ್ನೂ ಕರೆಯಲು ಗೊತ್ತಾಗಲಿಲ್ಲ’ ಎಂದರು.

ಆ ರಾತ್ರಿ ಕಳೆದ ಬೆಳಿಗ್ಗೆ ಮಂಗಳೂರಿಗೆ ಹೊರಟ ಆಂಬುಲೆನ್ಸ್‌ನಲ್ಲಿ ಚೇಚಿಯೂ ಬಂದರು. ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟುವಾಗ, 2020ರ ಕೊರೊನಾ ಲಾಕ್‌ಡೌನ್‌ನಲ್ಲಿ ಇಲ್ಲೇ ತಡೆಯಲ್ಪಟ್ಟ ರೋಗಿಗಳು ನೆನಪಾಗಿ ಮಾತು ಹೊರಡಲಿಲ್ಲ.

ಅಂಗೈ ಕಡೆಯಿಂದ ಕೊಯ್ದು, ಚೂರಾದ ಎಲುಬನ್ನು ಪಟ್ಟಿಗೇ ಬಿಗಿಯುವ ಸ್ಕ್ರೂಗಳಿಂದ ಹಿಡಿದು ನಿಲ್ಲಿಸಿದ ಶಸ್ತ್ರವೈದ್ಯರಿಗೆ, ಟವೆಲ್ ಹಿಂಡಿಸಿ ಹಿಂಡಿಸಿ ಹಿಡಿತ ತಂದುಕೊಟ್ಟ ಫಿಸಿಯೋಥೆರಪಿಸ್ಟ್‌ಗೆ, ಮೂರು ತಿಂಗಳು ಜಡೆ ಹೆಣೆದ ಅಮ್ಮನಿಗೆ, ಗಡುವು ಮುಂದೂಡಿದ ಮಾರ್ಗದರ್ಶಕರಿಗೆ ನಾನು ಋಣಿ. ಹತ್ತು ಪ್ಲೇಟುಗಳ 960 ಗುಳಿಗಳಿಗೆ ನನ್ನ ಬದಲು ಮಾಧ್ಯಮ ಹಾಕಿದ ಆ ಜೂನಿಯರ್ ತಮ್ಮನಿಗೂ. ಅವುಗಳಲ್ಲಿ ಒಂದರಿಂದ ಬಂದ ಕೋಶದ ಪ್ರತಿಕಾಯವೇ ಇಂದು ಇಲಿಜ್ವರದ ರೋಗಾಣುವನ್ನು ಗುರುತಿಸುತ್ತಿದೆ. ಆ ಕೋಶಗಳು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಭದ್ರವಾಗಿವೆ.

ಅಂಗೈಯನ್ನು ಪೂರ್ತಿ ಮೇಲ್ಮುಖ ಮಾಡುವುದು ಕೊನೆಗೆ ಬಂತು. ಮೊನ್ನೆ ಮಧೂರು ಗಣಪತಿ ದೇವಸ್ಥಾನದಲ್ಲಿ ಅಪ್ಪವೆಂಬ ಸಿಹಿ ಪ್ರಸಾದಕ್ಕೆ ನಾನು ಎರಡೂ ಕೈ ಒಡ್ಡಿದಾಗ ಅದು ಗೊತ್ತಾಯಿತು. ಅರ್ಧ ಚೇಚಿಗೆ ತೆಗೆದಿಟ್ಟಿದ್ದೇನೆ. ಅವರಿಗೆ ಕನ್ನಡ ಓದಲು ಬರುವುದಿಲ್ಲ. ನಾಳೆ ಚಹಾ ಹೊತ್ತಿನಲ್ಲಿ ಇದನ್ನು ಮಲಯಾಳದಲ್ಲಿ ಹೇಳುತ್ತೇನೆ, ನಾನು ಕಿರುಚಿದ ಭಾಗವನ್ನೂ ಸೇರಿಸಿ.