ಓದಿನ ಪೆಟ್ಟಿಗೆ ನಿಲ್ಲುತ್ತಿದೆ: ನಮ್ಮ ಗುರುಗಳಿಗೂ ಅಕ್ಕೋರಿಗೂ ಒಂದು ಪತ್ರ

ಧಾರವಾಡ

ಪ್ರೀತಿಯ ಗುರುಗಳೇ, ಅಕ್ಕೋರೇ, ನಮಸ್ಕಾರ.

ಬರುವ ಜೂನ್‌ನಿಂದ 6, 7 ಮತ್ತು 8ನೇ ತರಗತಿಯ ಓದಿನ ಪೆಟ್ಟಿಗೆಯನ್ನು, ಅಂದರೆ ಹಂತಹಂತವಾಗಿ ಕನ್ನಡ ಓದು ಕಲಿಸುವ ಬಿಡಿ ಕಾರ್ಡುಗಳ ಡಬ್ಬಿಯನ್ನು, ನಮ್ಮ ಸಂಘ ಮಾಡುವುದಿಲ್ಲ. ಅದರೊಳಗಿದ್ದ ಕಾರ್ಡುಗಳೆಲ್ಲ ತರಗತಿಗೊಂದರಂತೆ ಮೂರು ಪುಸ್ತಕಗಳಾಗಿ ಬರುತ್ತವೆ. ಒಂದೇ ಬಣ್ಣದ ಮುದ್ರಣ, ಲ್ಯಾಮಿನೇಶನ್ ಇಲ್ಲ, ಕತ್ತರಿಸಿಕೊಳ್ಳಲು ಚುಕ್ಕೆಗೆರೆ ಇರುತ್ತದೆ. ಪೆಟ್ಟಿಗೆಗೆ 640 ರೂಪಾಯಿ ಇತ್ತು. ಮೂರೂ ಪುಸ್ತಕ ಸೇರಿ 420. ಆದರೆ ಮಕ್ಕಳ ಕೈಗೆ ಕೊಡುವ ಬರವಣಿಗೆ ಪುಸ್ತಿಕೆ 60ರಿಂದ 70 ರೂಪಾಯಿ ಆಗುತ್ತದೆ. ವಿಷಯ ಇಷ್ಟೇ. ಇಷ್ಟನ್ನೇ ಬರೆದು ಸುಮ್ಮನಾಗಬಹುದಿತ್ತು. ದಸರೆ ರಜೆಯಿಂದೀಚೆಗೆ ಫೋನಿನಲ್ಲಿ ಕೇಳಿಸಿಕೊಂಡ ಮಾತುಗಳಿಗೆ ಉತ್ತರ ಕೊಡದಿದ್ದರೆ ನಮಗೇ ಸಮಾಧಾನ ಇಲ್ಲ, ಅದಕ್ಕೇ ಈ ಉದ್ದನೆಯ ಪತ್ರ.

ಎಲ್ಲರೂ ಕೇಳಿದ್ದು ಒಂದೇ. “ನೋಟ್‌ಬುಕ್ಕಿನ ಜಿಎಸ್‌ಟಿ ಪೂರ್ತಿ ತಗದಾರಂತ ಪೇಪರ್‌ನ್ಯಾಗ ಬಂದೈತಿ. ಮತ್ತ ನೀವ್ಯಾಕ ರೇಟ್ ಏರಿಸ್ತೀರಿ?” ಕೆಲವರು ನಗುತ್ತ ಕೇಳಿದರು, ಕೆಲವರು ನಗಲಿಲ್ಲ. ತೆರಿಗೆ ಇಳಿದ ಲಾಭವನ್ನು ನಾವು ಒಳಗೆ ಹಾಕಿಕೊಂಡೆವೆಂಬ ಅನುಮಾನ ಆ ಪ್ರಶ್ನೆಯ ಹಿಂದಿದೆ. ಇಷ್ಟು ವರ್ಷ ವ್ಯವಹಾರ ಮಾಡಿದವರಿಂದಲೇ ಆ ಮಾತು ಬಂದಾಗ ಬೇಸರವಾಯಿತು. ಮುಚ್ಚಿಟ್ಟುಕೊಳ್ಳುವುದಿಲ್ಲ.

ಪೇಪರಿನಲ್ಲಿ ಬಂದದ್ದು ನಿಜ. 2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್, ಗ್ರಾಫ್ ಪುಸ್ತಕ, ಪ್ರಯೋಗಾಲಯದ ಪುಸ್ತಕ ಇವುಗಳ ಮೇಲಿದ್ದ ಶೇ 12ರ ಜಿಎಸ್‌ಟಿ ಸೊನ್ನೆಯಾಯಿತು. ಪೆನ್ಸಿಲ್, ಶಾರ್ಪ್‌ನರಿಗೂ ಹಾಗೇ; ರಬ್ಬರಿನ ಮೇಲಿದ್ದ ಶೇ 5 ಕೂಡ ಸೊನ್ನೆಯಾಯಿತು. ನೋಟ್‌ಬುಕ್ ಮಾಡುವ ಕಾಗದಕ್ಕೂ ಸೊನ್ನೆ. ಪೇಪರಿನ ಮೊದಲ ಪುಟದಲ್ಲಿ ಬಂದದ್ದು ಇಷ್ಟು. ಒಳಪುಟದಲ್ಲಿ ಬಂದದ್ದನ್ನು ಯಾರೂ ನಮಗೆ ಓದಿ ಹೇಳಲಿಲ್ಲ: ಅದೇ ದಿನದಿಂದ ಉಳಿದ ಮುದ್ರಣ ಕಾಗದದ ತೆರಿಗೆ ಶೇ 12ರಿಂದ 18ಕ್ಕೆ ಏರಿತು. ಗೆರೆ ಹೊಡೆದು ಖಾಲಿ ಬಿಟ್ಟು ನೋಟ್‌ಬುಕ್ ಮಾಡಿದರೆ ಕಾಗದಕ್ಕೆ ತೆರಿಗೆ ಇಲ್ಲ. ಅಂಥದೇ ಕಾಗದದ ಮೇಲೆ ಒಂದು ಕತೆ, ನಾಲ್ಕು ಪ್ರಶ್ನೆ ಅಚ್ಚು ಹಾಕಿದರೆ ಶೇ 18.

“ಪುಸ್ತಕಕ್ಕೆ ಜಿಎಸ್‌ಟಿ ಇಲ್ಲವಲ್ಲ?” ಎಂದು ಕೇಳುತ್ತೀರಿ. ಇಲ್ಲ, ಮೊದಲಿಂದಲೂ ಇಲ್ಲ. ನಮ್ಮ ಹಳೆಯ ಬಿಲ್ಲು ತೆಗೆದು ನೋಡಿರಿ, ಪುಸ್ತಕದ ಮೇಲೆ ಒಂದು ಪೈಸೆ ತೆರಿಗೆ ನಿಮ್ಮಿಂದ ತೆಗೆದುಕೊಂಡಿಲ್ಲ. ಅಂದ ಮೇಲೆ ಇಳಿಸಲಿಕ್ಕೆ ನಮ್ಮ ಬಿಲ್ಲಿನಲ್ಲಿ ಏನಿತ್ತು? ಇನ್ನೊಂದು ಸಂಗತಿ ಇದೆ. ತೆರಿಗೆ ಇರುವ ಸರಕು ಮಾರುವವರು ತಾವು ಕಚ್ಚಾ ಮಾಲಿಗೆ ಕಟ್ಟಿದ ತೆರಿಗೆಯನ್ನು ಲೆಕ್ಕದಲ್ಲಿ ವಜಾ ಮಾಡಿಕೊಳ್ಳುತ್ತಾರೆ. ತೆರಿಗೆ ಇಲ್ಲದ ಪುಸ್ತಕ ಮಾರುವವರಿಗೆ ಆ ಸೌಲಭ್ಯ ಇಲ್ಲ. ಕಾಗದ, ಶಾಯಿ, ಲ್ಯಾಮಿನೇಶನ್ ಹಾಳೆ, ಎಲ್ಲಕ್ಕೂ ಕಟ್ಟಿದ್ದು ನಮ್ಮ ಖರ್ಚಾಗಿಯೇ ಉಳಿಯುತ್ತದೆ. ಹೋಳಿಗೆಗೆ ತೆರಿಗೆ ಬೇಡವೆಂದು ಹೇಳಿ ಬೆಲ್ಲಕ್ಕೆ ಏರಿಸಿದಂತಾಯಿತು. ಒಂದು ಲಕ್ಷ ರೂಪಾಯಿಯ ಕಾಗದ ತಂದರೆ ಮೊದಲು 12,000 ಕಟ್ಟುತ್ತಿದ್ದೆವು, ಈಗ 18,000. ಅದನ್ನು ವಾಪಸು ಕೊಡುವವರು ಯಾರೂ ಇಲ್ಲ.

ನವಲಗುಂದ ಕಡೆಯ ಗುರುಗಳೊಬ್ಬರು ಚುರುಕಾದ ಪ್ರಶ್ನೆ ಹಾಕಿದರು: ಬರವಣಿಗೆ ಪುಸ್ತಿಕೆಯಲ್ಲಿ ಬರೆಯಲು ಜಾಗ ಬಿಟ್ಟೀರಿ, ಅದೂ ನೋಟ್‌ಬುಕ್ಕೇ ಅಲ್ಲವೇ? ನಮ್ಮ ಲೆಕ್ಕಿಗರ ಮುಂದೆ ಇದನ್ನೇ ಇಟ್ಟೆವು. ಪುಟಪುಟಕ್ಕೂ ಪಾಠ, ಚಿತ್ರ, ಪ್ರಶ್ನೆ ಅಚ್ಚಾಗಿರುವ ಪುಸ್ತಿಕೆ ಅದು. ಪುಸ್ತಕವೆಂದೇ ಬಿಲ್ಲು ಮಾಡುತ್ತ ಬಂದಿದ್ದೇವೆ, ಕಾಗದದ ವ್ಯಾಪಾರಿಯೂ ನಮಗೆ ಶೇ 18 ಸೇರಿಸಿಯೇ ಬಿಲ್ಲು ಕೊಡುತ್ತಾರೆ. ವಾದ ಮಾಡಲು ವಕೀಲರನ್ನು ಹಿಡಿಯುವ ಶಕ್ತಿ ನಮ್ಮ ಸಂಘಕ್ಕಿಲ್ಲ.

ಹಾಗೆಂದು ಏರಿದ ಹತ್ತು ರೂಪಾಯಿಯಷ್ಟೂ ಜಿಎಸ್‌ಟಿಯ ಪಾಲು ಎಂದು ಹೇಳಿದರೆ ಸುಳ್ಳಾದೀತು. ಒಂದು ಪುಸ್ತಿಕೆಯಲ್ಲಿ ಅದು ಒಂದೂವರೆ ರೂಪಾಯಿ ಆಸುಪಾಸು. ಮುದ್ರಣ ಶಾಯಿಯ ತೆರಿಗೆ 2022ರ ಜುಲೈನಲ್ಲೇ 12ರಿಂದ 18 ಆಗಿತ್ತು, ಆಗ ನಾವು ಬೆಲೆ ಮುಟ್ಟಿರಲಿಲ್ಲ. ಪುಸ್ತಿಕೆಗೆ ಎಂಟು ಪುಟ ಹೆಚ್ಚಾಗಿವೆ. ಅಚ್ಚಾದ ದೊಡ್ಡ ಹಾಳೆಗಳನ್ನು ಮಡಚಿ, ಜೋಡಿಸಿ, ಪಿನ್ ಹೊಡೆಯುವ ಹೆಣ್ಣುಮಕ್ಕಳ ಕೂಲಿ ಏರಿಸಿದ್ದೇವೆ, ಅದನ್ನು ಇಳಿಸುವ ಮಾತೇ ಇಲ್ಲ. ಹಾಂ, ಇಳಿದದ್ದೂ ಒಂದಿದೆ: ರಟ್ಟಿನ ಡಬ್ಬಿಯ ತೆರಿಗೆ ಶೇ 12ರಿಂದ 5ಕ್ಕೆ ಬಂದಿದೆ. ನಾವು ಡಬ್ಬಿಯನ್ನೇ ಕೈಬಿಡುವ ಹೊತ್ತಿಗೆ ಅದು ಅಗ್ಗವಾಗಬೇಕೇ!

“ಅಕ್ಷರ ಸಣ್ಣದು ಮಾಡ್ರಿ, ಪುಟ ಕಡಿಮಿ ಆಗ್ತಾವ” ಎಂದು ಸಲಹೆ ಕೊಟ್ಟವರಿದ್ದಾರೆ. ಇದನ್ನು ಮಾತ್ರ ನಾವು ಒಪ್ಪುವುದಿಲ್ಲ. ಆರನೇ ತರಗತಿಗೆ ಬಂದರೂ ಅಕ್ಷರ ಕೂಡಿಸಿ ಕೂಡಿಸಿ ಓದುವ ಮಗುವಿನ ಮುಂದೆ ‘ಸ್ವಾತಂತ್ರ್ಯ’, ‘ರಾಷ್ಟ್ರ’ ಎಂಬ ಪದ ಇಟ್ಟು ನೋಡಿರಿ. ಒಂದರ ಕೆಳಗೆ ಎರಡು ಒತ್ತು. ಸಾಲಿನ ನಡುವಿನ ಜಾಗ ಕಡಿಮೆ ಮಾಡಿದರೆ ಮೇಲಿನ ಸಾಲಿನ ಒತ್ತು ಬಂದು ಕೆಳಗಿನ ಸಾಲಿನ ಗುಡಿಸಿನ ಮೇಲೆ ಕೂರುತ್ತದೆ. ಮಗು ತಡವರಿಸುವುದು ಅಲ್ಲೇ, ನಾವು ದಡ್ಡ ಎನ್ನುವುದೂ ಅಲ್ಲೇ. ಇಂಗ್ಲಿಷ್ ವರ್ಕ್‌ಬುಕ್ಕಿನ ಅಳತೆ ಕನ್ನಡಕ್ಕೆ ಹೊಂದುವುದಿಲ್ಲ. ಮೊದಲ ಹಂತದ ಪಾಠಗಳಿಗೆ ನಾವು ಬಿಡುವ ಜಾಗ ನೋಡಿ ಮುದ್ರಣಾಲಯದವರು ಈಗಲೂ ತಲೆ ಕೊಡವುತ್ತಾರೆ. ಕೊಡವಲಿ.

ಇದರ ಜೊತೆಗೇ ಹೇಳಿಬಿಡುತ್ತೇವೆ, ಹಳೆಯ ಕಾರ್ಡುಗಳೆಲ್ಲ ಕಂಪ್ಯೂಟರಿನ ಹಳೆಯ ನುಡಿ ಫಾಂಟಿನಲ್ಲಿದ್ದವು. ಪುಸ್ತಕ ಮಾಡಲು ಈಗ ಎಲ್ಲೆಡೆ ಬಳಸುವ ಯೂನಿಕೋಡ್ ಅಕ್ಷರಕ್ಕೆ ತರಬೇಕಾಯಿತು. ತಂದಾಗ ಅರ್ಕಾವೊತ್ತು ಅಲ್ಲಲ್ಲಿ ಮುಂದಿನ ಅಕ್ಷರಕ್ಕೆ ಹಾರಿತು, ಕೆಲವೆಡೆ ಒತ್ತೇ ಮಾಯವಾಯಿತು. ಓದು ಕಲಿಸುವ ಪುಸ್ತಕದಲ್ಲಿ ಅಚ್ಚಿನ ತಪ್ಪು ಉಳಿಯಬಾರದಲ್ಲ. ಎರಡೆರಡು ಸಲ ಕರಡು ತಿದ್ದಿಸಿದೆವು. ಆ ಖರ್ಚು ಹೊರಗೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನು ಪೆಟ್ಟಿಗೆ ಯಾಕೆ ಹೋಯಿತು ಎಂಬುದು. ಅರ್ಧ ಕಾರಣ ಅಂಚೆ. 2024ರ ಡಿಸೆಂಬರ್‌ನಲ್ಲಿ ಪುಸ್ತಕಗಳಿಗಿದ್ದ ಅಗ್ಗದ ಅಂಚೆ, ರಿಜಿಸ್ಟರ್ಡ್ ಬುಕ್ ಪೋಸ್ಟ್, ನಿಂತುಹೋದದ್ದು ನಿಮಗೂ ಗೊತ್ತು. ಬೀದರ್‌ಗೆ, ಚಾಮರಾಜನಗರಕ್ಕೆ ಹೋಗಬೇಕಾದ ಪೆಟ್ಟಿಗೆಗಳನ್ನು ಆಮೇಲೆ ದುಪ್ಪಟ್ಟು ಮುಪ್ಪಟ್ಟು ಕೊಟ್ಟು ಪಾರ್ಸೆಲ್ ಮಾಡಿದೆವು, ಹತ್ತಿರದ ಊರಿಗೆ ಬಸ್ಸಿಗೆ ಹಾಕಿದೆವು. 2025ರ ಮೇ 1ರಿಂದ ಜ್ಞಾನ ಪೋಸ್ಟ್ ಶುರುವಾಯಿತು: 300 ಗ್ರಾಮಿಗೆ 20 ರೂಪಾಯಿ, 5 ಕಿಲೋಗೆ 100, ತೆರಿಗೆ ಬೇರೆ. ರಸ್ತೆ ಮಾರ್ಗದ ಅಂಚೆ, ನಿಧಾನ; ಆದರೆ ಎಲ್ಲಿದೆ ಎಂದು ನೋಡಿಕೊಳ್ಳಬಹುದು. ಇದು ಪುಸ್ತಕಕ್ಕೆ ಇರುವ ಸೌಲಭ್ಯ, ಪುಸ್ತಕದ ಮೇಲೆ ಮುದ್ರಕರದೋ ಪ್ರಕಾಶಕರದೋ ಹೆಸರಿರಬೇಕು. ಡಬ್ಬಿಯೊಳಗಿನ ಬಿಡಿ ಕಾರ್ಡು ಪುಸ್ತಕವೋ ಅಲ್ಲವೋ ಎಂಬ ತಕರಾರು ಅಂಚೆಯಲ್ಲೂ ಬೇಡ, ತೆರಿಗೆಯಲ್ಲೂ ಬೇಡ. ಹೊಲಿದು ರಟ್ಟು ಹಾಕಿದರೆ ಕೇಳುವವರಿಲ್ಲ.

ಇನ್ನರ್ಧ ಕಾರಣ ಬಣ್ಣ, ಅದನ್ನು ಹೇಳಿಕೊಟ್ಟವರು ನೀವೇ. ಹಂತ ಗುರುತಿಸಲು ಕಾರ್ಡಿನ ಅಂಚಿಗೆ ಕೆಂಪು, ಹಳದಿ, ಹಸಿರು ಹಾಕುತ್ತಿದ್ದೆವು. ಕೆಲವು ಶಾಲೆಗಳಲ್ಲಿ ಮಕ್ಕಳು ಒಬ್ಬರನ್ನೊಬ್ಬರು “ಏ ಕೆಂಪ್ ಕಾರ್ಡ್” ಎಂದು ಕರೆಯತೊಡಗಿದ್ದಾರೆಂದು ಗದಗ ಮತ್ತು ಕಲಘಟಗಿಯ ಅಕ್ಕೋರು ಹೇಳಿದರು. ಹನ್ನೆರಡು ವರ್ಷದ ಹುಡುಗನಿಗೆ ಇದು ಸಣ್ಣ ಮಾತಲ್ಲ. ಪುಸ್ತಕದಲ್ಲಿ ಹಂತದ ಗುರುತು ಪುಟದ ಮೂಲೆಯಲ್ಲಿ ಸಣ್ಣದಾಗಿ ಇದೆ, ನಿಮಗೆ ಕಂಡರೆ ಸಾಕು. ಬಣ್ಣದ ಮುದ್ರಣಕ್ಕೆ ಬೇಕಾದ ನಾಲ್ಕು ಪ್ಲೇಟಿನ ಖರ್ಚು ಉಳಿದದ್ದರಿಂದಲೇ ಬೆಲೆ 420ಕ್ಕೆ ಇಳಿದದ್ದು. ಬೆಂಗಳೂರಿನ ಕೆಲವು ಶಾಲೆಗಳು ಬಣ್ಣ ಇಲ್ಲದಿದ್ದರೆ ಪಾಲಕರು ಒಪ್ಪುವುದಿಲ್ಲ ಎಂದಿವೆ. ಎಲ್ಲ ಶಾಲೆಗಳಲ್ಲೂ ಕನ್ನಡ ಕಲಿಸಬೇಕೆನ್ನುವ 2015ರ ಕನ್ನಡ ಕಲಿಕಾ ಕಾಯ್ದೆ ಬಂದ ಮೇಲೆ ಮೊದಲ ಹಂತದ ಕಾರ್ಡುಗಳನ್ನು ಮನೆಯಲ್ಲಿ ಕನ್ನಡ ಆಡದ ಮಕ್ಕಳಿಗಾಗಿ ಕೊಂಡ ಶಾಲೆಗಳು ಇವು, ನಮಗೆ ಬೇಕಾದ ಗಿರಾಕಿಗಳೇ. ಆದರೂ ಅವರಿಗಾಗಿ ಎಲ್ಲರ ಬೆಲೆ ಏರಿಸುವುದು ಸರಿಯಲ್ಲ ಎಂದು ಸಭೆಯಲ್ಲಿ ತೀರ್ಮಾನವಾಯಿತು.

ಕತ್ತರಿ ಕೆಲಸ ನಿಮ್ಮ ತಲೆಗೆ ಕಟ್ಟುತ್ತಿದ್ದೇವೆ, ಅದಕ್ಕೆ ಮಾತ್ರ ಮನಸಾರೆ ಕ್ಷಮೆ ಕೇಳುತ್ತೇವೆ. ಒಂದೇ ಕೊಠಡಿಯಲ್ಲಿ ಎರಡು ತರಗತಿ ನೋಡಿಕೊಳ್ಳುವವರಿಗೆ ಕತ್ತರಿಸುತ್ತ ಕೂರಲು ಹೊತ್ತೆಲ್ಲಿ? ಕಾರ್ಡು ಮೊದಲಿನಷ್ಟು ಬಾಳುವುದೂ ಇಲ್ಲ, ಮಳೆಗಾಲದಲ್ಲಿ ಅಂಚು ಮೆತ್ತಗಾಗುತ್ತದೆ. ಬೇಕಾದ ಪಾಠವನ್ನಷ್ಟೇ ಕತ್ತರಿಸಿ, ಉಳಿದದ್ದು ಪುಸ್ತಕದಲ್ಲೇ ಇರಲಿ. ಕತ್ತರಿಸದೆ ಹಾಗೇ ಬಳಸಿದರೂ ನಡೆಯುತ್ತದೆ, ಒಂದು ಪುಟಕ್ಕೆ ಒಂದೇ ಪಾಠ ಬರುವಂತೆ ಜೋಡಿಸಿದ್ದೇವೆ.

“ಪಿಡಿಎಫ್ ವಾಟ್ಸಾಪಿಗೆ ಹಾಕ್ರಿ” ಎನ್ನುವವರಿಗೆ: ನಮ್ಮ ಹಳೆಯ ಕಾರ್ಡುಗಳ ಫೋಟೊ ಎಷ್ಟೋ ಗುಂಪುಗಳಲ್ಲಿ ಓಡಾಡುತ್ತಿರುವುದನ್ನು ನಾವೂ ನೋಡಿದ್ದೇವೆ, ಜಗಳಕ್ಕೆ ಹೋಗಿಲ್ಲ. ಆದರೆ ಲೆಕ್ಕ ಹಾಕಿರಿ. ಪುಟಕ್ಕೆ ಎರಡು ರೂಪಾಯಿಯಂತೆ 96 ಪುಟ ಜೆರಾಕ್ಸ್ ಮಾಡಿಸಿದರೆ 192 ಆಗುತ್ತದೆ, ನಮ್ಮ ಪುಸ್ತಕಕ್ಕೆ 140. ಬರವಣಿಗೆ ಪುಸ್ತಿಕೆಯ ಕೊನೆಯಲ್ಲಿರುವ ಮರುಬರಹದ ಹಾಳೆಗಳನ್ನು ಮಾತ್ರ ಎಷ್ಟು ಬೇಕಾದರೂ ಜೆರಾಕ್ಸ್ ಮಾಡಿಕೊಳ್ಳಿರಿ. ಒಮ್ಮೆ ಬರೆದದ್ದನ್ನು ತಾನೇ ಓದಿ, ತಿದ್ದಿ, ಮತ್ತೆ ಬರೆಯುವ ಅಭ್ಯಾಸಕ್ಕೆ ಎಷ್ಟು ಹಾಳೆ ಕೊಟ್ಟರೂ ಸಾಲದು.

ಒಳಗಿನ ಸಾಮಗ್ರಿ ಬದಲಾಗಿಲ್ಲ. ಬಸ್ಸಿನ ವೇಳಾಪಟ್ಟಿ, ಔಷಧದ ಚೀಟಿ, ಅರ್ಧಕ್ಕೆ ನಿಲ್ಲಿಸಿದ ಸುದ್ದಿ, ಒಗಟು, ಸರ್ವಜ್ಞನ ತ್ರಿಪದಿ, ಊರಿನ ನಲ್ಲಿ ಸರಿಮಾಡಿಸಲು ಪಂಚಾಯ್ತಿಗೆ ಬರೆಯುವ ಅರ್ಜಿ, ಎಲ್ಲ ಇವೆ. ಉತ್ತರ ಪಾಠದ ಸಾಲಿನಲ್ಲೇ ಸಿಕ್ಕಿಬಿಡುವ ಪ್ರಶ್ನೆಗಳನ್ನು ಈ ಸಲ ಇನ್ನೂ ಕಡಿಮೆ ಮಾಡಿದ್ದೇವೆ. ಗಂಟಲು ಬಿಟ್ಟು ಓದಿದ ಮಗುವನ್ನು “ಏನ್ ಓದಿದಿ?” ಎಂದು ಕೇಳಿದರೆ ಸುಮ್ಮನೆ ನಿಲ್ಲುತ್ತದಲ್ಲ, ನಮ್ಮ ಕೆಲಸ ಅಲ್ಲಿಂದ ಶುರು. ‘ಗ್ರಂಥಾಲಯದ ಮಹತ್ವ’, ‘ರಾಷ್ಟ್ರೀಯ ಹಬ್ಬಗಳು’ ಇಂಥ ಸಿದ್ಧ ಪ್ರಬಂಧಗಳ ಪುಸ್ತಕ ಮಾಡಿದರೆ ಕೈತುಂಬ ಮಾರಾಟವಾಗುತ್ತದೆ ಎಂದು ಅಂಗಡಿಯವರು ವರ್ಷವರ್ಷವೂ ಹೇಳುತ್ತಾರೆ. ನಿಜವೇ ಇರಬಹುದು. ಬಾಯಿಪಾಠ ಮಾಡಿ ಬರೆಯುವ ಪ್ರಬಂಧ ನಮ್ಮಿಂದ ಬರುವುದಿಲ್ಲ.

ಸರ್ಕಾರಿ ಶಾಲೆಗೆ ಸ್ವಂತ ಕೈಯಿಂದ ದುಡ್ಡು ಹಾಕಿ ಕೊಳ್ಳುವ ಗುರುಗಳು, ಅಕ್ಕೋರು ಎಷ್ಟು ಜನ ಇದ್ದೀರಿ ಎಂಬುದು ನಮಗೆ ಗೊತ್ತು, ಬಿಲ್ಲು ಯಾರ ಹೆಸರಿಗೆ ಹೋಗುತ್ತದೆ ಎಂದು ನೋಡುತ್ತಲೇ ಇರುತ್ತೇವೆ. ಹಾಗೆ ಕೊಳ್ಳುವವರಿಗೆ ಜುಲೈ ಮುಗಿಯುವವರೆಗೆ ಬರವಣಿಗೆ ಪುಸ್ತಿಕೆ ಹಳೆಯ 60 ರೂಪಾಯಿಗೇ ಸಿಗುತ್ತದೆ. ಕಾಗದ ಪತ್ರ ಏನೂ ಬೇಡ, ಹೇಳಿದರೆ ನಂಬುತ್ತೇವೆ. ಆಡಳಿತ ಮಂಡಳಿ ಇರುವ ಶಾಲೆಗಳು ದಯವಿಟ್ಟು ಅರ್ಧ ಹಣ ಮುಂಗಡ ಕಳಿಸಬೇಕು, ಉದ್ರಿ ಇನ್ನು ಸಾಧ್ಯವಿಲ್ಲ.

ಹಳೆಯ ಪೆಟ್ಟಿಗೆ ಇಟ್ಟುಕೊಂಡವರು ಎಸೆಯಬೇಡಿರಿ, ಹೊಸ ಪುಸ್ತಕದಲ್ಲೂ ಪಾಠಗಳಿಗೆ ಅವೇ ಸಂಖ್ಯೆ ಇವೆ. ಕಾರ್ಡು ಕಳೆದಿದ್ದರೆ ಸಂಖ್ಯೆ ಬರೆದು ತಿಳಿಸಿರಿ. ಗೋದಾಮಿನಲ್ಲಿ ಬಿಡಿ ಕಾರ್ಡು ಇರುವವರೆಗೆ ಪುಕ್ಕಟೆ ಕಳಿಸುತ್ತೇವೆ, ಅಂಚೆ ವೆಚ್ಚ ಮಾತ್ರ ನಿಮ್ಮದು. ಫೋನು ಮಧ್ಯಾಹ್ನ ಮೂರರ ನಂತರ ಮಾಡಿರಿ, ಬೆಳಿಗ್ಗೆ ನಾವೆಲ್ಲ ಪ್ಯಾಕಿಂಗಿಗೆ ಕೂತಿರುತ್ತೇವೆ.

ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ, ಸಂಘದ ಎಲ್ಲ ಸದಸ್ಯರ ಪರವಾಗಿ