ಪಿತ್ತಕೋಶದ ರೋಗಿ ಎಂದೇ ನೋಡಿದವರಿಗೆ

ಕಳೆದ ತಿಂಗಳು ಉತ್ತರ ಕರ್ನಾಟಕದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನನ್ನ ಪಿತ್ತಕೋಶದ ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ನಡೆಯಿತು. ಗಾಯ ಮಾಗಿದೆ, ಊಟ ಸೇರುತ್ತಿದೆ, ಶಾಲೆಯ ಕೆಲಸಕ್ಕೆ ಮರಳಿದ್ದೇನೆ. ದಿನವೂ ಎಷ್ಟೋ ಮಂದಿಗೆ ಆಗುವ ಇಂಥ ಶಸ್ತ್ರಚಿಕಿತ್ಸೆಗೆ ಬಹಿರಂಗವಾಗಿ ಕೃತಜ್ಞತೆ ಹೇಳುವುದು ಅತಿಯೆನಿಸಬಹುದು. ಆದರೆ ನಾನು 2006ರಿಂದ ಎಚ್‌ಐವಿಯೊಂದಿಗೆ ಬದುಕುತ್ತಿರುವವಳು. ನಮ್ಮಂಥವರ ಪಾಲಿಗೆ ಇಂಥ ಚಿಕಿತ್ಸೆ ಯಾವ ಗದ್ದಲವೂ ಇಲ್ಲದೆ ಮುಗಿಯುವುದು ಅಪರೂಪವಾದ್ದರಿಂದ, ಅದನ್ನು ಹಾಗೆ ಮುಗಿಸಿಕೊಟ್ಟವರಿಗೆ ಇಷ್ಟಾದರೂ ಬರೆಯಬೇಕೆನಿಸಿತು.

ಯಾರ ಹೆಸರನ್ನೂ ಇಲ್ಲಿ ಹಾಕುತ್ತಿಲ್ಲ. ಅವರ ಹೆಸರು ಬಂದರೆ ಆಸ್ಪತ್ರೆ ಯಾವುದೆಂದು ತಿಳಿಯುತ್ತದೆ, ಆಸ್ಪತ್ರೆ ತಿಳಿದರೆ ನಮ್ಮೂರಿನವರಿಗೆ ನಾನು ಯಾರೆಂದು ತಿಳಿಯುತ್ತದೆ. ಮಗಳ ಮದುವೆಯ ಮಾತುಕತೆ ನಡೆದಿರುವ ಈ ಹೊತ್ತಿನಲ್ಲಿ ಆ ತೀರ್ಮಾನ ನನ್ನೊಬ್ಬಳದಲ್ಲ. ಓದಿದಾಗ ಅವರವರಿಗೆ ಗೊತ್ತಾಗುತ್ತದೆ ಎಂಬ ಭರವಸೆಯಿದೆ.

ಅಲ್ಲಿಗೆ ಹೋಗುವ ಮುಂಚೆ ನಡೆದದ್ದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಮೊದಲು ತೋರಿಸಿದ ಖಾಸಗಿ ಆಸ್ಪತ್ರೆಯಲ್ಲಿ ನನ್ನನ್ನು ಒಂದು ಮಾತೂ ಕೇಳದೆ ಎಚ್‌ಐವಿ ಪರೀಕ್ಷೆ ಮಾಡಿದರು. ಮರುದಿನ ಕೇಸ್ ಶೀಟಿನ ಹೊದಿಕೆಯ ಮೇಲೆ ಕೆಂಪು ಶಾಯಿಯಲ್ಲಿ ಬರೆದು ಮಂಚದ ಕಾಲ್ದೆಸೆಗೆ ತೂಗುಹಾಕಿದ್ದರು. ಇಷ್ಟು ವರ್ಷ ವಿಷಯವೇ ಗೊತ್ತಿಲ್ಲದಿದ್ದ ನನ್ನ ಮೈದುನ ಅದನ್ನು ನಿಂತು ಓದಿದ. ಸಂಜೆಯ ಹೊತ್ತಿಗೆ, ಇಂಥ ಕೇಸಿಗೆ ಬೇಕಾದ ಸೌಲಭ್ಯ ನಮ್ಮಲ್ಲಿಲ್ಲ ಎಂದರು. ಎರಡನೆಯ ಕಡೆ ಶಸ್ತ್ರಚಿಕಿತ್ಸೆಗೆ ಒಪ್ಪಿದರಾದರೂ, ‘ಕಿಟ್’ ಎಂಬ ಹೆಸರಿನಲ್ಲಿ ಬೇರೆ ರೋಗಿಗಳಿಗಿಲ್ಲದ ದೊಡ್ಡ ಮೊತ್ತವೊಂದನ್ನು ಲೆಕ್ಕಕ್ಕೆ ಸೇರಿಸಿದರು. ಎರಡೂ ಕಡೆ ಯಾರೂ ದನಿ ಏರಿಸಲಿಲ್ಲ. ಹಿಂದೆಲ್ಲ ಮುಖದ ಮೇಲೇ ಬೈದು ಕಳಿಸುತ್ತಿದ್ದರು, ಈಗ ಕುರ್ಚಿ ಕೊಟ್ಟು ಕೂರಿಸಿ ಬಹುವಚನದಲ್ಲಿ ಮಾತಾಡಿಸಿ ದೊಡ್ಡಾಸ್ಪತ್ರೆಗೆ ಬರೆದುಕೊಡುತ್ತಾರೆ. ಹೊಟ್ಟೆನೋವು ಹೊತ್ತು ಬಸ್ ನಿಲ್ದಾಣಕ್ಕೆ ನಡೆಯುವವಳಿಗೆ ಇವೆರಡರಲ್ಲಿ ದೊಡ್ಡ ಅಂತರವೇನೂ ಕಾಣುವುದಿಲ್ಲ.

ಮೂರನೆಯ ಆಸ್ಪತ್ರೆಯ ಶಸ್ತ್ರತಜ್ಞರಿಗೆ ನನ್ನ ಮೊದಲ ವಂದನೆ. ನಾನು ಕೂತ ಕೂಡಲೇ ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತ್ತಿಕ್ಕುವ ಮಾತ್ರೆಗಳ ಚಿಕಿತ್ಸೆಯ ಪುಸ್ತಕವನ್ನು ಮೇಜಿನ ಮೇಲೆ ಇಟ್ಟು, ಅವರ ಮುಖವನ್ನೇ ನೋಡುತ್ತಿದ್ದೆ. ಅವರು ರಕ್ತದಲ್ಲಿ ವೈರಸ್ ಎಷ್ಟಿದೆಯೆಂದು ತಿಳಿಸುವ ವೈರಲ್ ಲೋಡ್ ಪರೀಕ್ಷೆ ಇತ್ತೀಚೆಗೆ ಯಾವಾಗ ಮಾಡಿಸಿದ್ದು, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಕೇಳಿ ಬರೆದುಕೊಂಡು, ಸ್ಕ್ಯಾನಿಂಗ್ ಚಿತ್ರವನ್ನು ಬೆಳಕಿಗೆ ಹಿಡಿದರು. ಉಳಿದ ಮಾತೆಲ್ಲ ಕಲ್ಲುಗಳ ಬಗ್ಗೆಯೇ ಆಯಿತು. ಅರಿವಳಿಕೆ ತಜ್ಞರೂ ಅಷ್ಟೇ: ನನ್ನ ಮಾತ್ರೆಗಳಿಗೂ ತಮ್ಮ ಔಷಧಗಳಿಗೂ ಹೊಂದಾಣಿಕೆ ಇದೆಯೇ ಎಂದು ನೋಡಿ, ಶಸ್ತ್ರಚಿಕಿತ್ಸೆಯ ದಿನವೂ ಮಾತ್ರೆ ತಪ್ಪಿಸಬೇಡಿ ಎಂದು ಹೇಳಿದರು. ನನ್ನ ಸೋಂಕು ಅವರಿಗೆ ಎಷ್ಟು ಬೇಕಿತ್ತೋ ಅಷ್ಟೇ ವಿಷಯವಾಗಿತ್ತು. ಮಾಹಿತಿ ಕೇಸ್ ಶೀಟಿನ ಒಳಗಿನ ಪುಟದಲ್ಲಿತ್ತು, ಹೊದಿಕೆಯ ಮೇಲೆ ಹೆಸರು, ವಯಸ್ಸು, ವಾರ್ಡಿನ ಸಂಖ್ಯೆ ಮಾತ್ರ ಇದ್ದವು.

ಓಟಿಯ (ಶಸ್ತ್ರಚಿಕಿತ್ಸಾ ಕೊಠಡಿಯ) ಉಸ್ತುವಾರಿ ಸಿಸ್ಟರ್ ಅವರನ್ನು ಕುರಿತು ಸ್ವಲ್ಪ ಹೆಚ್ಚು ಹೇಳಬೇಕು. ಎಚ್‌ಐವಿ ಇರುವವರ ಸರದಿ ಯಾವಾಗಲೂ ದಿನದ ಕೊನೆಗೆ ಎಂಬುದನ್ನು ಕೇಳಿ ಬಲ್ಲವಳಾದ್ದರಿಂದ, ಪಟ್ಟಿಯಲ್ಲಿ ನನ್ನ ಹೆಸರು ನಡುವೆ ಇದ್ದುದನ್ನು ಕಂಡು ತಪ್ಪಾಗಿ ಬರೆದಿರಬಹುದೆಂದು ಅವರನ್ನೇ ಕೇಳಿದೆ. ಅವರು, “ಅಕ್ಕಾ, ನಿಮ್ಮ ರಿಪೋರ್ಟ್ ನಮ್ಮ ಕೈಯಾಗ ಐತಿ. ರಿಪೋರ್ಟಿನಾಗ ಸಿಗದವರೂ ಇದೇ ಟೇಬಲ್ ಮ್ಯಾಲೆ ಮಲಗತಾರ. ಅದಕ್ಕ ಎಲ್ಲಾರಿಗೂ ಒಂದೇ ಪದ್ಧತಿ,” ಎಂದರು. ವಿಜ್ಞಾನ ಕಲಿಸುವವಳಾದ ನನಗೆ ಆ ಮಾತಿನ ತೂಕ ಗೊತ್ತು. ಸೋಂಕು ತಗಲಿದ ಮೊದಲ ವಾರಗಳಲ್ಲಿ ಪರೀಕ್ಷೆ ಅದನ್ನು ಹಿಡಿಯದೆ ಹೋಗಬಹುದು, ಆದರೆ ರಕ್ತದಲ್ಲಿ ವೈರಸ್ ಹೇರಳವಾಗಿರುವುದು ಅದೇ ವಾರಗಳಲ್ಲಿ. ಹಾಗಾಗಿ ‘ನೆಗೆಟಿವ್’ ಎಂಬ ಚೀಟಿಯನ್ನು ನಂಬಿ ಕೈಗವಸು ಬಿಡುವ ಆಸ್ಪತ್ರೆಗಿಂತ, ಪ್ರತಿಯೊಬ್ಬರ ರಕ್ತಕ್ಕೂ ಒಂದೇ ಎಚ್ಚರ ವಹಿಸುವ ಆಸ್ಪತ್ರೆಯ ಸಿಬ್ಬಂದಿ ಹೆಚ್ಚು ಸುರಕ್ಷಿತರು. ಮುಂಬಯಿ ಮತ್ತು ಬೆಂಗಳೂರಿನ ಆಸ್ಪತ್ರೆಗಳ ಸಾವಿರದಷ್ಟು ವೈದ್ಯರು, ದಾದಿಯರು ಹಾಗೂ ವಾರ್ಡ್ ಸಿಬ್ಬಂದಿಯನ್ನು ಮಾತಾಡಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಶಸ್ತ್ರಚಿಕಿತ್ಸೆಗೆ ಬರುವವರಿಗೆಲ್ಲ ಎಚ್‌ಐವಿ ಪರೀಕ್ಷೆ ಕಡ್ಡಾಯವಾಗಬೇಕೆಂದು ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಹೇಳಿದ್ದರು. ಚೀಟಿಯ ಮೇಲಿನ ಆ ನಂಬಿಕೆಯನ್ನು ತನ್ನ ಓಟಿಯಿಂದ ಹೊರಗಿಟ್ಟ ಈ ಸಿಸ್ಟರ್‌ಗೆ ನನ್ನಂಥವರಷ್ಟೇ ಅವರ ಸಹೋದ್ಯೋಗಿಗಳೂ ಋಣಿಯಾಗಿರಬೇಕು.

ಡ್ರಿಪ್ ಹಾಕಲು ಬಂದ ಕಿರಿಯ ಸ್ಟಾಫ್ ನರ್ಸ್‌ಗೆ ಬೇರೆಯಾಗಿ ಧನ್ಯವಾದ ಹೇಳುತ್ತೇನೆ. ಆಕೆಯ ಕೈ ನಡುಗುತ್ತಿತ್ತು. ಭಯವಾಗುತ್ತಿದೆ ಎಂದು ಹಿರಿಯ ಸಿಸ್ಟರ್‌ಗೆ ನನ್ನೆದುರೇ ಹೇಳಿದಳು. ನನಗೆ ಅದರಿಂದ ನೋವಾಗಲಿಲ್ಲ, ಏಕೆಂದರೆ ಇಷ್ಟು ವರ್ಷಗಳಲ್ಲಿ ಭಯವನ್ನು ಭಯವೆಂದೇ ಒಪ್ಪಿಕೊಂಡ ಆರೋಗ್ಯ ಸಿಬ್ಬಂದಿಯನ್ನು ನಾನು ಕಂಡದ್ದು ಕಡಿಮೆ. ಉಳಿದವರಲ್ಲಿ ಅದು ಸಿಡಿಮಿಡಿಯಾಗಿಯೋ, ಎರಡೆರಡು ಜೊತೆ ಕೈಗವಸಾಗಿಯೋ, ನಿಮಗೆ ಇದು ಹೇಗೆ ಬಂತು ಎಂಬ ಅನಗತ್ಯ ಪ್ರಶ್ನೆಯಾಗಿಯೋ ಹೊರಬರುತ್ತಿತ್ತು. ಹಿರಿಯ ಸಿಸ್ಟರ್ ಆಕೆಯನ್ನು ಗದರಲಿಲ್ಲ. ಸೋಂಕಿತ ರಕ್ತವಿದ್ದ ಸೂಜಿ ಚುಚ್ಚಿದರೂ ಎಚ್‌ಐವಿ ತಗಲುವ ಸಂಭವ ಸಾವಿರಕ್ಕೆ ಸುಮಾರು 3 ಎಂದೂ, ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ತಗಲುವ ಸಂಭವ ನೂರಕ್ಕೆ 30ರವರೆಗೂ ಇರುತ್ತದೆಂದೂ, ಚಿಕಿತ್ಸೆಯಿಂದ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದವರ ವಿಷಯದಲ್ಲಿ ಎಚ್‌ಐವಿಯ ಅಪಾಯ ಇನ್ನೂ ಬಹಳ ಕಡಿಮೆಯೆಂದೂ ಅಲ್ಲೇ ವಿವರಿಸಿದರು. ಒಂದು ವೇಳೆ ಚುಚ್ಚಿದರೆ ಸಾಬೂನು ನೀರಿನಿಂದ ತೊಳೆದು, ಸಾಧ್ಯವಾದರೆ ಎರಡು ಗಂಟೆಯೊಳಗೆ, ಹೆಚ್ಚೆಂದರೆ 72 ಗಂಟೆಯೊಳಗೆ ಮಾತ್ರೆ ಆರಂಭಿಸಿ 28 ದಿನ ತೆಗೆದುಕೊಳ್ಳಬೇಕು ಎಂದು ಹೇಳಿ, ಆ ಮಾತ್ರೆಗಳು ಯಾವ ಬೀರುವಿನಲ್ಲಿವೆ, ಬೀಗದ ಕೈ ರಾತ್ರಿ ಪಾಳಿಯಲ್ಲಿ ಯಾರ ಹತ್ತಿರ ಇರುತ್ತದೆ ಎಂದು ತೋರಿಸಿದರು. ಮರುದಿನ ಡ್ರೆಸ್ಸಿಂಗ್‌ಗೆ ಆ ಹುಡುಗಿ ತಾನಾಗಿಯೇ ಬಂದಳು.

ಬೀಗದ ಕೈಯ ಆ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. ಸೋಂಕಿತರನ್ನು ಪ್ರೀತಿಯಿಂದ ಕಾಣಿ ಎಂಬ ಭಿತ್ತಿಪತ್ರಗಳನ್ನು ಬೇಕಾದಷ್ಟು ಕಡೆ ನೋಡಿದ್ದೇನೆ. ಕೈಗವಸಿನ ಡಬ್ಬಿ ಖಾಲಿಯಾಗಿರುವ ವಾರ್ಡಿನಲ್ಲಿ, ಸೂಜಿ ಚುಚ್ಚಿದರೆ ಯಾರಲ್ಲಿಗೆ ಓಡಬೇಕೆಂದೇ ತಿಳಿಯದ ಗುತ್ತಿಗೆ ನೌಕರಳಿಗೆ ಆ ಭಿತ್ತಿಪತ್ರದಿಂದ ಏನು ಪ್ರಯೋಜನ? ಆದ್ದರಿಂದ ನನ್ನ ಕೃತಜ್ಞತೆಯಲ್ಲಿ ಒಂದು ಪಾಲು, ನಾನು ಮುಖವನ್ನೇ ನೋಡದ ಆ ಆಸ್ಪತ್ರೆಯ ಉಗ್ರಾಣದವರಿಗೆ, ಕೈಗವಸು ಮತ್ತು ಸೂಜಿ ಹಾಕುವ ಡಬ್ಬಿಗಳು ತೀರುವ ಮೊದಲೇ ತರಿಸಿಡುವ ಗುಮಾಸ್ತರಿಗೆ ಸಲ್ಲಬೇಕು. ನನ್ನ ಹಾಸಿಗೆಯ ಬಟ್ಟೆಯನ್ನು ಎಲ್ಲರ ಬಟ್ಟೆಯಂತೆಯೇ ಬದಲಿಸಿ, ನನ್ನ ತಲೆ ಬಾಚಿ ಜಡೆ ಹಾಕಿದ ಆಯಾ ಅವರಿಗೂ ಸಲ್ಲಬೇಕು. ಅವರಿಗೂ ಡಾಕ್ಟರರಿಗೆ ಕೊಟ್ಟ ತರಬೇತಿಯನ್ನೇ ಕನ್ನಡದಲ್ಲಿ ಕೊಟ್ಟಿದ್ದಾರಂತೆ.

ಎಆರ್‌ಟಿ ಕೇಂದ್ರದ ಆಪ್ತಸಮಾಲೋಚಕಿ ನನ್ನನ್ನು ಈ ಆಸ್ಪತ್ರೆಗೆ ಕಳಿಸಿದವರು. ಎಚ್‌ಐವಿ ಮತ್ತು ಏಡ್ಸ್ ತಡೆ ಹಾಗೂ ನಿಯಂತ್ರಣ ಕಾಯ್ದೆ 2017ರಲ್ಲಿ ಬಂದು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ, ಚಿಕಿತ್ಸೆ ನಿರಾಕರಿಸುವುದೂ ಒಪ್ಪಿಗೆಯಿಲ್ಲದೆ ಪರೀಕ್ಷಿಸುವುದೂ ಅದರ ಪ್ರಕಾರ ನಿಷಿದ್ಧ ಎಂದು ತಿಳಿಸಿ ಧೈರ್ಯ ಹೇಳಿದವರೂ ಅವರೇ. ಸಿಬ್ಬಂದಿಗೆ ರಕ್ಷಣಾ ಸಾಮಗ್ರಿ, ತರಬೇತಿ, ಸೂಜಿ ಚುಚ್ಚಿದವರಿಗೆ ಮಾತ್ರೆ, ಇವನ್ನು ಒದಗಿಸಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ ಎಂಬುದು ಬಹಳ ಆಸ್ಪತ್ರೆಗಳಿಗೆ ನೆನಪಿದ್ದಂತಿಲ್ಲ.

2004ರ ಏಪ್ರಿಲ್‌ನಲ್ಲಿ ಸರ್ಕಾರ ಉಚಿತ ಎಆರ್‌ಟಿ ಆರಂಭಿಸಿದಾಗ ಇಡೀ ದೇಶದಲ್ಲಿ ಎಂಟೇ ಆಸ್ಪತ್ರೆಗಳಲ್ಲಿ ಅದು ಸಿಗುತ್ತಿತ್ತು. ಆ ಕಾಲದ ಮಾತ್ರೆಗಳಿಂದ ಕೆನ್ನೆ ಬತ್ತಿ, ಅಂಗಾಲು ಉರಿದು, ಊರೆಲ್ಲ ಗುರುತಿಸುವಂತಾದರೂ ಸರದಿಯಲ್ಲಿ ನಿಂತು, ದೂರು ಕೊಟ್ಟು, ಕೋರ್ಟು ಹತ್ತಿ ನಮಗೆ ದಾರಿ ಮಾಡಿದ ಸೋಂಕಿತರ ಸಂಘಗಳ ಹಿರಿಯರನ್ನು ನೆನೆಯುತ್ತೇನೆ. ದಿನಕ್ಕೊಂದು ಮಾತ್ರೆ ನುಂಗಿ ಪಾಠ ಮಾಡಲು ಹೋಗುವ ನನ್ನ ಇಂದಿನ ಬದುಕಿನಲ್ಲಿ, ಇದನ್ನು ಕಾಣದೆಯೇ ತೀರಿಕೊಂಡ ಎಷ್ಟೋ ಮಂದಿಯ ಪಾಲಿದೆ.

ಆಸ್ಪತ್ರೆಯ ಮುಖ್ಯಸ್ಥರಲ್ಲಿ ಒಂದು ಕೋರಿಕೆ. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ಕೆಲಸ ಮಾಡುವ ಆಸ್ಪತ್ರೆಗಳಲ್ಲಿ ದೂರು ಅಧಿಕಾರಿ ಇರಬೇಕೆಂದು ಕಾಯ್ದೆ ಹೇಳುತ್ತದೆ. ನಿಮ್ಮಲ್ಲಿ ಇದ್ದಾರೆಂದು ಸಿಸ್ಟರ್ ಹೇಳಿದರು, ಆದರೆ ಅವರ ಹೆಸರು ಎಲ್ಲಿಯೂ ಕಾಣಲಿಲ್ಲ. ದಯವಿಟ್ಟು ಹೊರರೋಗಿ ಚೀಟಿ ಕೊಡುವ ಕಿಟಕಿಯ ಪಕ್ಕದಲ್ಲಿ ಅದನ್ನು ಬರೆಸಿ ಹಾಕಿ. ಹರ್ನಿಯಾ ಶಸ್ತ್ರಚಿಕಿತ್ಸೆ ಆಗಬೇಕಾದ ನನ್ನ ಗೆಳತಿಯೊಬ್ಬಳು ಎರಡು ವರ್ಷದಿಂದ ಮುಂದೂಡುತ್ತ ಬಂದಿದ್ದವಳು, ನನ್ನ ಗಾಯ ನೋಡಿದ ಮೇಲೆ ಮನಸ್ಸು ಮಾಡಿದ್ದಾಳೆ. ಬರುವ ಸೋಮವಾರ ಅವಳ ಜೊತೆ ನಾನೂ ಬರುತ್ತೇನೆ.