ಚಾರ್ಮಾಡಿಯ ತಡೆಗೋಡೆ: ಗೆಳೆಯನಿಗೊಂದು ಪತ್ರ

ಮಾರಾಯ,

ಚಾರ್ಮಾಡಿಯಲ್ಲಿ ತಡೆಗೋಡೆ ಇಲ್ಲ ಅಂತ ಪೇಪರಿನಲ್ಲಿ ಓದಿ, ಯಾವ ಗೋಡೆ ಅದು ಅಂತ ಕೇಳಿದ್ದೆಯಲ್ಲ. ರಸ್ತೆಯ ಕೆಳಗಿನ ಮಣ್ಣು ಜಾರದಂತೆ ಕಟ್ಟುವುದಕ್ಕೂ ತಡೆಗೋಡೆ ಅಂತಾರೆ, ಗಾಡಿ ಪ್ರಪಾತಕ್ಕೆ ಉರುಳದಂತೆ ಅಂಚಿನಲ್ಲಿ ಹಾಕುವುದಕ್ಕೂ ಹಾಗೇ ಅಂತಾರೆ. 2019ರ ಆಗಸ್ಟ್ ಮಳೆಗೆ ಗುಡ್ಡ ಕುಸಿದು ಘಾಟಿ ಬಂದ್ ಆಗಿತ್ತಲ್ಲ, ಆವತ್ತಿನ ಚಿಂತೆ ಮೊದಲನೆಯದರದ್ದು. ನಿನ್ನ ಕಾರನ್ನು ಕಾಯುವುದು ಎರಡನೆಯದು.

ಅದರಲ್ಲೂ ಕಬ್ಬಿಣದ ಪಟ್ಟಿಯ ಬಗ್ಗೆ ಹೇಳಲೇಬೇಕು, ಕ್ರ್ಯಾಶ್ ಬ್ಯಾರಿಯರ್ ಅಂತಾರಲ್ಲ ಅದು. ದಪ್ಪ ಬರೀ 3 ಮಿಲಿಮೀಟರ್. ಇದೇನು ತಡೆಯುತ್ತೆ ಅನಿಸುತ್ತೆ ಅಲ್ವಾ? ಅದು ಬಗ್ಗಬೇಕು ಅಂತಲೇ ಹಾಗೆ ಮಾಡಿರುವುದು. ಕಾರು ಓರೆಯಾಗಿ ಬಂದು ತಾಗಿದಾಗ ಪಟ್ಟಿ ಬಗ್ಗಿ, ಕಂಬ ವಾಲಿ, ಹೊಡೆತದ ಬಲವನ್ನು ತಾವೇ ತಿಂದು, ಗಾಡಿಯನ್ನು ಸವರಿಕೊಂಡೇ ರಸ್ತೆಯ ಕಡೆಗೆ ತಿರುಗಿಸುತ್ತವೆ. ಹಳೇ ಕಲ್ಲಿನ ಮೋಟು ಗೋಡೆ ಬಗ್ಗುವುದಿಲ್ಲ, ಗುದ್ದಿದರೆ ಪೆಟ್ಟೆಲ್ಲ ಒಳಗೆ ಕೂತವರಿಗೇ.

ಮುಂದಿನ ಸಲ ಕೊಟ್ಟಿಗೆಹಾರದಿಂದ ಇಳಿಯುವಾಗ ಎಲ್ಲಾದರೂ ಜಾಗ ನೋಡಿ ನಿಲ್ಲಿಸಿ ಪಟ್ಟಿಯ ಜೋಡಣೆ ನೋಡು. ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಕೂತಿರಬೇಕು. ಗಾಡಿ ಹೋಗುವ ದಿಕ್ಕಿನಲ್ಲಿ ಮೊದಲು ಸಿಗುವ ಪಟ್ಟಿಯೇ ಮೇಲೆ, ಅಂದರೆ ರಸ್ತೆಯ ಕಡೆಗೆ ಇರಬೇಕು, ಉಲ್ಟಾ ಆದರೆ ಅದರ ಅಂಚು ಕಾರಿಗೆ ಸಿಕ್ಕಿಕೊಳ್ಳುತ್ತೆ. ಪಟ್ಟಿ ಶುರುವಾಗುವ ತುದಿಯನ್ನೂ ನೋಡು. ಅದನ್ನು ರಸ್ತೆಯಿಂದ ಆಚೆಗೆ ತಿರುಗಿಸಿರಬೇಕು, ಇಲ್ಲವೇ ತುದಿಗೆಂದೇ ಮಾಡಿದ ತುಂಡನ್ನು ಕೂರಿಸಿರಬೇಕು. ಸುಮ್ನೆ ಕತ್ತರಿಸಿ ಬಿಟ್ಟ ತುದಿ ಕಾರಿನೊಳಕ್ಕೇ ನುಗ್ಗಬಹುದು. ನನಗೆ ಜಾಸ್ತಿ ಸಿಟ್ಟು ಬರುವುದು ಇಂಥದ್ದು ಕಂಡಾಗ. ಅಷ್ಟು ದುಡ್ಡು ಹಾಕಿ ತುದಿಯೊಂದನ್ನು ಹಾಗೆ ಬಿಡುವುದಾ?

ಇನ್ನು ಕಂಬ. 2 ಮೀಟರಿಗೊಂದು ಇರುತ್ತೆ, ಒಂದು ಮೀಟರಿಗಿಂತ ಜಾಸ್ತಿ ಮಣ್ಣಿನೊಳಗೆ ಹೋಗಿರಬೇಕು. ಘಾಟಿಯಲ್ಲಿ ಕಷ್ಟ ಇರುವುದೇ ಇಲ್ಲಿ. ಮಳೆಗೆ ಅಂಚಿನ ಮಣ್ಣು ಕೊಚ್ಚಿ ಹೋದರೆ ಕಂಬಕ್ಕೆ ಹಿಡಿತ ಎಲ್ಲಿಂದ ಬರಬೇಕು? ಹಾಗಾಗಿ ಕೆಳಗಿನ ಗೋಡೆ ಗಟ್ಟಿ ಇಲ್ಲದೆ ಮೇಲಿನ ಪಟ್ಟಿಯನ್ನು ನಂಬುವ ಹಾಗಿಲ್ಲ.

ಒಮ್ಮೆ ನಜ್ಜುಗುಜ್ಜಾದ ಪಟ್ಟಿಯನ್ನು ಬದಲಿಸಲೇಬೇಕು. ಅಂಥದ್ದು ಕಂಡರೆ ಪಕ್ಕದ ಕಿಲೋಮೀಟರ್ ಕಲ್ಲಿನ ಸಂಖ್ಯೆ ನೋಡಿಟ್ಟುಕೊಂಡು 1033ಕ್ಕೆ ಫೋನ್ ಮಾಡು. ರಾಷ್ಟ್ರೀಯ ಹೆದ್ದಾರಿಗಳ ಸಹಾಯವಾಣಿ ಅದು, ಚಾರ್ಮಾಡಿಯೂ ರಾಷ್ಟ್ರೀಯ ಹೆದ್ದಾರಿ 73ರಲ್ಲೇ ಬರುತ್ತೆ. ಮಳೆ ಹಿಡಿಯುವ ಮೊದಲೇ ಹೇಳಿಬಿಡು, ಆಮೇಲೆ ಮಂಜಿನಲ್ಲಿ ಅಂಚೇ ಕಾಣುವುದಿಲ್ಲ.

ನಿನ್ನ ಗೆಳೆಯ